ಕೈ ಕಾಯುವವರು

"ಕೈ ಆಡಿಸೇ ಮುಂಡೆ! ಇದೇನು ನಿಮ್ಮಪ್ಪನ ಮನೆ ಜಗುಲಿ ಅಂದ್ಕೊಂಡ್ಯಾ, ನಿಂತು ಗಾಳಿ ತಗೊಳ್ಳೋಕೆ?"

ಬೈದವನು ಸೂಪರ್‌ವೈಸರ್ ಸೀಟಿ. ಬೈದ ಮೇಲೆ ಅವನ ನಾಲಗೆ ಒಂದು ಗಳಿಗೆ ತಡವರಿಸಿತು. ಬಟ್ಟೆ ಮಡಚುವ ಮೇಜುಗಳ ಸಾಲಿನಲ್ಲಿ ಅವನು ಆ ಮಾತನ್ನು ದಿನಕ್ಕೆ ಎಷ್ಟೋ ಸಲ ಎಸೆಯುತ್ತಿದ್ದ. ಮದುವೆಯಾದವರು, ಆಗದವರು, ಬಸುರಿಯರು, ಎಲ್ಲರ ಮೇಲೂ ಅದು ಬಿದ್ದು ಜಾರಿ ಹೋಗುತ್ತಿತ್ತು. ಇವತ್ತು ಬಿದ್ದದ್ದು ಮಾತ್ರ ಗಂಡನನ್ನು ಮಣ್ಣು ಮಾಡಿ ಕೆಲಸಕ್ಕೆ ಬಂದವಳ ಮೇಲೆ. ಗುಬ್ಬಿ ತಲೆ ಎತ್ತಲಿಲ್ಲ. ಸೀಟಿ ಗಂಟಲು ಸರಿಮಾಡಿಕೊಂಡ. ಆಮೇಲೆ ಭೇದಭಾವ ಮಾಡಬಾರದು ಎನ್ನುವವನ ಹಾಗೆ ಪಕ್ಕದ ಮೇಜಿನವಳಿಗೂ ಅದರಾಚೆಯವಳಿಗೂ "ನೀನೂ ಅಷ್ಟೇ ಮುಂಡೆ, ನೀನೂ ಅಷ್ಟೇ" ಎಂದು ಹಂಚುತ್ತ ಮುಂದೆ ಹೋದ.

"ನೋಡಿದ್ಯಾ, ಬೋಳಿಮಗ ನಾಚ್ಕೊಂಡ," ಪಕ್ಕದ ಮೇಜಿನ ದೊಡ್ಡಕ್ಕ ತುಟಿ ಅಲ್ಲಾಡಿಸದೆ ಹೇಳಿದಳು. "ಹುಟ್ಟಿದಾಗಿಂದ ಇದೇ ಮೊದಲಿರ್ಬೇಕು."

ಬೇರೆ ದಿನವಾಗಿದ್ದರೆ ಗುಬ್ಬಿ ನಗುತ್ತಿದ್ದಳು. ಈಗ ನಗುವೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಟವೆಲಿನ ಅಂಚಿಗೆ ಅಂಚು ಕೂಡಿಸಿ, ಮತ್ತೆ ಕೂಡಿಸಿ, ಮೂರಾಗಿ ಮಡಚಿ, ಒತ್ತಿ, ಗುಡ್ಡೆಗೆ ಹಾಕಿದಳು. ಇನ್ನೊಂದು ಟವೆಲ್ ಎಳೆದುಕೊಂಡಳು.

ಅದು ದೊಡ್ಡ ಲಾಂಡ್ರಿ. ಊರಿನ ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆಯೆಲ್ಲ ಅಲ್ಲಿಗೆ ಬರುತ್ತಿತ್ತು. ಒಂದು ಬಾಗಿಲಲ್ಲಿ ರಕ್ತ, ವಾಂತಿ, ಚೆಲ್ಲಿದ ಕಾಫಿ ಎಲ್ಲ ಮೆತ್ತಿಕೊಂಡ ಚಾದರಗಳು ಗಂಟುಗಳಾಗಿ ಒಳಗೆ ಬರುತ್ತಿದ್ದವು. ಇನ್ನೊಂದು ಬಾಗಿಲಲ್ಲಿ ಬೆಳ್ಳಗೆ, ಮಡಿಕೆ ಮುರಿಯದೆ ಹೊರಗೆ ಹೋಗುತ್ತಿದ್ದವು. ನಡುವೆ ಒಗೆಯುವ ಮಷೀನುಗಳು, ಆವಿ ಉಗುಳುವ ಇಸ್ತ್ರಿ ರೋಲರುಗಳು, ಕೊನೆಗೆ ಮಡಚುವ ಮೇಜುಗಳು. ಮೊದಲು ಸೂಪರ್‌ವೈಸರ್ ಕೊರಳಲ್ಲಿ ಒಂದು ಸೀಟಿ ಇರುತ್ತಿತ್ತು, ಯಾರ ಕೈ ನಿಂತರೂ ಊದುತ್ತಿದ್ದ. ಪಟ್ಟಿ ಬಂದ ಮೇಲೆ ಆ ಸೀಟಿ ಹೋಯಿತು, ಹೆಸರು ಅವನಿಗೇ ಉಳಿಯಿತು.

ಪಟ್ಟಿಯೆಂದರೆ ಮಣಿಕಟ್ಟಿಗೆ ಕಟ್ಟುವ ಕಪ್ಪು ರಬ್ಬರಿನದು. ಚರ್ಮಕ್ಕೆ ಒತ್ತಿಕೊಂಡಿರುವ ಕಡೆ ಒಂದು ಹಸಿರು ದೀಪ. ಅದು ಕೈ ಆಡುವುದನ್ನೂ ನೋಡುತ್ತಿತ್ತು, ನಾಡಿಯನ್ನೂ ನೋಡುತ್ತಿತ್ತು. ಕೈ ನಿಂತರೆ ಗುಂಯ್‌ಗುಟ್ಟುತ್ತಿತ್ತು. ಆಗಲೂ ಆಡದಿದ್ದರೆ ಇನ್ನೂ ಜೋರಾಗಿ ಗುಂಯ್‌ಗುಟ್ಟುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅವರ ನಂಬರು ಕೆಂಪಾಗುತ್ತಿತ್ತು, ಸೀಟಿ ಓಡಿ ಬರುತ್ತಿದ್ದ. ಹೆಂಗಸರು ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದರು. ಗುಂಯ್‌ಗುಟ್ಟಿದರೆ, "ಸವತಿ ಕಚ್ಚಿದ್ಲು ಕಣೇ" ಅನ್ನುವರು. "ಕಟ್ಕೊಂಡ ಗಂಡ ಕೂಡ ಇಷ್ಟು ಹೊತ್ತು ಕೈ ಹಿಡಿದಿರ್ಲಿಲ್ಲ" ಅನ್ನುವರು.

ಪಟ್ಟಿ ಬಂದ ಮೇಲೆ ಅವರ ಮೈ ಅವರ ಮಾತು ಕೇಳುವುದನ್ನು ಬಿಟ್ಟಿತು. ಒಬ್ಬಳಿಗೆ ಮುಟ್ಟು ನಿಂತೇ ಹೋಯಿತು, ಇನ್ನೊಬ್ಬಳಿಗೆ ನಿಲ್ಲದೇ ಹೋಯಿತು. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಒಬ್ಬಳ ದವಡೆ ಹಲ್ಲು ಸೀಳಿತು. ರಜೆಯ ದಿನ ಬರಿಗೈಯಲ್ಲಿ ಕೂತಿದ್ದರೂ ಮಣಿಕಟ್ಟು ಗುಂಯ್‌ಗುಟ್ಟಿದಂತಾಗಿ ಗುಬ್ಬಿ ಧಡಕ್ಕನೆ ಏಳುತ್ತಿದ್ದಳು. ಕೈಗೆ ಸಿಕ್ಕಿದ್ದನ್ನೆಲ್ಲ ಬೆರಳು ಮಡಚುತ್ತಿತ್ತು: ಹಳೇ ಪೇಪರು, ಬಸ್ಸಿನ ಟಿಕೀಟು, ಅಂಗಿಯ ಅಂಚು. ದೊಡ್ಡಕ್ಕನ ಗಂಡ ಮಲಗಿದ್ದಾಗ ಅವನ ತೋಳನ್ನೇ ಅವಳು ಮಡಚುವುದಕ್ಕೆ ಹೋಗುತ್ತಿದ್ದಳಂತೆ. "ಒಂದಿನ ನನ್ನನ್ನೂ ಒತ್ತಿ ಮಡಚಿ ಗಾಡಿಗೆ ಹಾಕ್ತೀಯ ನೀನು" ಎಂದು ಅವನು ಬೈಯುತ್ತಿದ್ದನಂತೆ. ಅದನ್ನು ಹೇಳಿಕೊಂಡು ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ನಗುವಾಗಲೂ ಕೈ ಮಾತ್ರ ಆಡುತ್ತಲೇ ಇರುತ್ತಿತ್ತು.

ಸಾಲಿನ ಕೊನೆಗೆ ಹೋಗಿದ್ದ ಸೀಟಿ ಮತ್ತೆ ಬಂದ.

"ಲೇ ಗುಬ್ಬಿ, ಮೇಡಂ ಕರೀತಿದಾರೆ. ಏಪ್ರನ್ ಕಳಚಿ ಬಾ, ಆಫೀಸೆಲ್ಲ ಒದ್ದೆ ಮಾಡ್ಬೇಡ."

ಆಫೀಸಿನ ಕೋಣೆ ತಣ್ಣಗಿತ್ತು. ಗುಬ್ಬಿ ಕೂರಬೇಕೆನ್ನುವಷ್ಟರಲ್ಲಿ ಸೀಟಿ ಕುರ್ಚಿಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದ. ಎದುರು ಕೂತಿದ್ದವಳಿಗೆ ಎಲ್ಲರೂ ಆರೋಗ್ಯದ ಮೇಡಂ ಅನ್ನುತ್ತಿದ್ದರು. ಗುಬ್ಬಿಯದೇ ವಯಸ್ಸು. ಮಗುವಿಗೆ ಔಷಧಿ ಕುಡಿಸುವಂಥ ದನಿ.

"ನಿಮ್ಮ ದುಃಖದಲ್ಲಿ ನಾವೆಲ್ಲ ಇದೀವಿ. ನಿಮಗೊಂದು ಸಮಾಧಾನ ಆಗ್ಲಿ ಅಂತಾನೇ ಕರೆಸಿದ್ದು." ಅವಳು ತನ್ನ ಕಂಪ್ಯೂಟರನ್ನು ಗುಬ್ಬಿಯ ಕಡೆ ತಿರುಗಿಸಿದಳು. ಕಪ್ಪು ಪರದೆಯ ಮೇಲೆ ಹಸಿರು ಗೆರೆಯೊಂದು ಸಣ್ಣ ಸಣ್ಣ ಅಲೆಯಾಗಿ ಹರಿಯುತ್ತಿತ್ತು. "ಇದು ನಿಮ್ಮ ಯಜಮಾನರ ಹೃದಯ. ಆ ದಿನದ್ದು."

ಗುಬ್ಬಿ ನೋಡಿದಳು.

"ಎಷ್ಟು ಚೆನ್ನಾಗಿ ಹೊಡ್ಕೊಳ್ತಿದೆ ನೋಡಿ. ಎಲ್ಲೂ ಎಡವಿಲ್ಲ. ಇಲ್ಲಿಂದ ಸ್ವಲ್ಪ ಜೋರಾಗಿದೆ, ಅಂದ್ರೆ ಚುರುಕಾಗಿ ಕೆಲಸ ಮಾಡ್ತಿದ್ರು ಅಂತ. ನಿಮಗೆ ಗೊತ್ತಾ, ಆ ಹೊತ್ತಲ್ಲಿ ಇಡೀ ರೋಲರ್ ಸಾಲಲ್ಲೇ ಅವರ ಕೈ ಮುಂದಿತ್ತು." ಮೇಡಂನ ಬೆರಳು ಗೆರೆಯ ಜೊತೆ ಸರಿಯಿತು. ಒಂದು ಕಡೆ ಅಲೆ ತಟ್ಟನೆ ಬೆಟ್ಟವಾಗಿ ಎದ್ದಿತ್ತು. ಬೆಟ್ಟದಾಚೆ ಗೆರೆ ನೆಲಕ್ಕೆ ಬಿದ್ದು ಸಪಾಟಾಗಿತ್ತು. "ಇದೇ ಆ ಕ್ಷಣ. ಒಂದೇ ಏಟು. ಯಾರ ಕೈಲೂ ಏನೂ ಮಾಡೋಕೆ ಆಗ್ತಿರ್ಲಿಲ್ಲ. ಅವರಿಗೆ ನೋವು ಗೊತ್ತಾಗೋಕೂ ಹೊತ್ತಿರ್ಲಿಲ್ಲ."

ಗುಬ್ಬಿಗೆ ಆ ಗೆರೆ ತನ್ನ ಕೈಬರಹದಷ್ಟೇ ಗುರುತು ಸಿಕ್ಕಿತು. ಇಲ್ಲಿ, ಅವನು ಇನ್ನೂ ಯಾಕೆ ಬರಲಿಲ್ಲ ಎಂದು ಅವಳು ತಿರುಗಿ ನೋಡಿದ್ದು. ಇಲ್ಲಿ, ಟವೆಲ್ ಗಾಡಿ ಖಾಲಿಯಾಗಿ ಇನ್ನೊಂದು ಬಂದದ್ದು. ಇಲ್ಲಿ, ಬೆಟ್ಟದ ಬುಡದಲ್ಲಿ, ಕೊಳೆ ಗಂಟುಗಳ ಗಾಡಿ ತಳ್ಳುವ ಟ್ರಾಲಿ ಮಾವ ಬಂದು "ಗುಬ್ಬೀ" ಎಂದು ಕರೆದದ್ದು.

"ಅವರು ಹೋದ ಮೇಲೆ ಕೆಲವರು ಏನೇನೋ ಮಾತಾಡ್ತಿದಾರೆ," ಮೇಡಂ ಹೇಳಿದಳು. "ರೋಲರ್ ಹತ್ರ ಇರೋರಿಗೆ ಕೂರೋಕೆ ಬಿಡಿ, ವೇಗ ಇಳಿಸಿ, ನಡುವೆ ಬಿಡುವು ಕೊಡಿ ಅಂತೆಲ್ಲ. ತಪ್ಪಲ್ಲ, ಭಯ ಆಗಿರತ್ತೆ. ನಾಡಿದ್ದು ಸಭೇಲಿ ಎಲ್ಲರಿಗೂ ಇದನ್ನ ತೋರಿಸ್ತೀವಿ. ಕೆಲಸದಿಂದ ಹೃದಯಕ್ಕೇನೂ ಆಗಿಲ್ಲ ಅಂತ ಅವರಿಗೂ ಗೊತ್ತಾಗ್ಲಿ. ನೀವು ಬಂದು ಎರಡು ಮಾತು ಹೇಳಿದ್ರೆ ಸಾಕು. ನಿಮ್ಮ ಬಾಯಿಂದ ಬಂದ್ರೆ ನಂಬ್ತಾರೆ."

ಮೇಡಂ ಗುಬ್ಬಿಯ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಪಟ್ಟಿ ನೋಡಿದಳು. "ಅಯ್ಯೋ, ನಿಮ್ಮದು ತುಂಬಾ ಓಡ್ತಿದೆ. ನನ್ನ ಜೊತೆ ಮಾಡಿ. ಉಸಿರು ಒಳಗೆ… ಹಿಡ್ಕೊಳ್ಳಿ… ಹೊರಗೆ. ದಿನಾ ಮಾಡಿ. ಖರ್ಚಿಲ್ಲ."

"ಮಾಡೇ, ಮೇಡಂ ಹೇಳ್ತಿದಾರಲ್ಲ," ಬಾಗಿಲಿಂದ ಸೀಟಿ ಗದರಿದ.

ಗುಬ್ಬಿ ಉಸಿರು ಎಳೆದುಕೊಂಡಳು, ಬಿಟ್ಟಳು. ಕಣ್ಣೊರೆಸಿಕೊಳ್ಳಲಿ ಎಂದು ಮೇಡಂ ಮುಂದಿಟ್ಟಿದ್ದ ಕಾಗದದ ಕರವಸ್ತ್ರಗಳು ಆಗಲೇ ಅಂಚಿಗೆ ಅಂಚು ಕೂಡಿ, ಮೂರಾಗಿ ಮಡಚಿ, ಮೇಜಿನ ಮೇಲೆ ಪುಟ್ಟ ಗುಡ್ಡೆಯಾಗಿದ್ದವು.

ಕೈ ಕಾಯುವುದು ಅಂತ ಅಲ್ಲೊಂದು ಪದ್ಧತಿ ಇತ್ತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಮೂತ್ರಕ್ಕೆ ಹೋಗಬೇಕಾದವಳು ಪಕ್ಕದವಳ ಕಡೆ ಬಗ್ಗಿ, "ನನ್ನ ಕೈ ಕಾಯ್ತೀಯಾ?" ಅನ್ನುವಳು. ಪಕ್ಕದವಳು ಮೇಜಿನ ಕೆಳಗೆ ಮಣಿಕಟ್ಟು ಚಾಚುವಳು. ಇವಳ ಪಟ್ಟಿ ಕಳಚಿ ಅವಳ ಇನ್ನೊಂದು ಕೈಗೆ ಬೀಳುವುದು, ಅಂಗಿಯ ತೋಳು ಅದನ್ನು ಮುಚ್ಚುವುದು. ಎರಡು ಕೈಗೆ ಎರಡು ಪಟ್ಟಿ. ಹೋದವಳು ಬರುವವರೆಗೂ ಇದ್ದವಳು ಬಿಡುವಿಲ್ಲದೆ ಮಡಚುವಳು. ಬಸುರಿಯರು, ಹೊಟ್ಟೆ ಕೆಟ್ಟವರು, ಸಕ್ಕರೆ ಕಾಯಿಲೆಯ ದೊಡ್ಡಕ್ಕ, ಎಲ್ಲರೂ ಬದುಕಿದ್ದು ಆ ಒಂದು ಮಾತಿನ ಮೇಲೆ. ಇಲ್ಲ ಅಂದವರು ಯಾರೂ ಇರಲಿಲ್ಲ. ಕಾದವರು ವಾಪಸ್ ಕಟ್ಟಬೇಕು, ಅಷ್ಟೇ.

ಆ ದಿನ ಬಂದವನು ಗುಬ್ಬಿಯ ಗಂಡ. ಅವನು ರೋಲರಿಗೆ ಒದ್ದೆ ಚಾದರ ಹಿಡಿಯುತ್ತಿದ್ದ. ಆರಡಿಯ ಆಳು. ಎಲ್ಲರೂ ಕಂಬ ಅನ್ನುತ್ತಿದ್ದರು. ಅವನು ಮದುವೆಯಾಗಿ ಇವಳನ್ನು ಕೆಲಸಕ್ಕೆ ಕರೆತಂದ ದಿನ, "ಕಂಬದ ಮೇಲೆ ಗುಬ್ಬಿ ಕೂತಂಗಿದೆ" ಎಂದು ದೊಡ್ಡಕ್ಕ ಅಂದದ್ದೇ ಇವಳ ಹೆಸರಾಯಿತು. ಇಸ್ತ್ರಿಯಾದ ಚಾದರಗಳನ್ನು ಇವಳ ಮೇಜಿಗೆ ಇಳಿಸುವ ನೆಪದಲ್ಲಿ ಬಂದವನು ಬಗ್ಗಿ, "ಸ್ವಲ್ಪ ಕೈ ಕಾಯ್ತೀಯಾ? ಎದೇಲಿ ಏನೋ ಹಿಡ್ಕೊಂಡಂಗಾಗಿದೆ. ಗ್ಯಾಸ್ ಇರ್ಬೇಕು. ಹಿಂದುಗಡೆ ಒಂಚೂರು ಕೂತು ಬರ್ತೀನಿ" ಅಂದ. ಮುಖದಲ್ಲಿ ಬೆವರಿತ್ತು. ರೋಲರ್ ಹತ್ತಿರ ನಿಂತವರ ಮುಖದಲ್ಲಿ ಯಾವಾಗಲೂ ಬೆವರೇ. ಅವಳು ಮಣಿಕಟ್ಟು ಚಾಚಿದಳು.

"ಬೇಗ ಬಾ ಮತ್ತೆ," ಅಂದಳು.

ಅವನು ಕೊಳೆ ಗಂಟುಗಳ ಹಿಂದೆ ಹೋದ. ಅವಳು ಇಬ್ಬರ ಕೈಯಾಗಿ ಮಡಚಿದಳು. ಹೋಗಿ ನೋಡಬೇಕು ಎಂದು ಒಂದು ಸಲ ಹೆಜ್ಜೆ ಎತ್ತಿದಳು. ಎರಡೂ ಮಣಿಕಟ್ಟು ಒಟ್ಟಿಗೆ ಗುಂಯ್‌ಗುಟ್ಟಿದವು. ಹೆಜ್ಜೆ ಇಳಿಸಿ ಮತ್ತೆ ಮಡಚಿದಳು. ದೊಡ್ಡಕ್ಕನಿಗೆ ಕೊಟ್ಟು ಹೋಗೋಣವೆಂದರೆ ಅವಳ ಕೈಯಲ್ಲಿ ಆಗಲೇ ಇನ್ನೊಬ್ಬಳದಿತ್ತು. ಗಾಡಿ ಖಾಲಿಯಾಯಿತು, ಇನ್ನೊಂದು ಬಂತು. ಆಮೇಲೆ ಟ್ರಾಲಿ ಮಾವ ಬಂದ.

ಕೊಳೆ ಚಾದರಗಳ ಮೇಲೆ ಅವನು ಒಂದು ಮಗ್ಗುಲಾಗಿ, ಮಂಡಿ ಮಡಚಿಕೊಂಡು ಮಲಗಿದ್ದ. ಕೈ ತಣ್ಣಗಿತ್ತು. ಅವಳು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ಪಟ್ಟಿ ಕಟ್ಟಮ್ಮ ಮೊದಲು, ಸೀಟಿ ಬರ್ತಾನೆ" ಎಂದು ಟ್ರಾಲಿ ಮಾವ ಅಂದನೋ, ತನ್ನ ತಲೆಯೇ ಅಂದಿತೋ, ಅವಳಿಗೆ ಇವತ್ತಿಗೂ ತಿಳಿಯದು. ತನ್ನ ಎಡಗೈಯಿಂದ ಅವನ ಪಟ್ಟಿ ಕಳಚಿದಳು. ಗಂಡನ ತಣ್ಣಗಿನ ಮಣಿಕಟ್ಟಿಗೆ ಕಟ್ಟಿದಳು. ಅದರ ತೂತಿಗೆ ಸರಿಯಾಗಿ ಕೊಕ್ಕೆ ಹಾಕಿದಳು. ಕಾದವರು ವಾಪಸ್ ಕಟ್ಟಬೇಕು.

ಆಫೀಸಿನಲ್ಲಿ ನಡೆದದ್ದನ್ನು ಗುಬ್ಬಿ ದೊಡ್ಡಕ್ಕನಿಗೆ ಮಾತ್ರ ಹೇಳಿದಳು. ಊಟದ ಹೊತ್ತಿನಲ್ಲಿ, ಹಿಂದಿನ ನಲ್ಲಿಯ ಹತ್ತಿರ. ದೊಡ್ಡಕ್ಕ ಕೈ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸುವುದನ್ನೇ ಮರೆತಳು.

"ನಿನ್ನ ಎದೇನಾ ಅವನದು ಅಂತ ಹೇಳ್ತಿದಾರಾ?"

"ಹೂಂ."

"ಥೂ, ಇವರ ಬಾಯಿಗೆ ಮಣ್ಣು ಹಾಕ." ಅವಳು ನಲ್ಲಿ ತಿರುಗಿಸಿ ನಿಲ್ಲಿಸಿದಳು. "ಏನು ಮಾಡ್ತೀಯ?"

"ನಂದು ಅಂತ ಹೇಳ್ತೀನಿ."

"ಹೇಳು, ಹೇಳು. ಹೇಳಿ ನೀನು ಸಾಯಿ, ನಮ್ಮನ್ನೂ ಸಾಯ್ಸು." ದನಿ ತಗ್ಗಿಸಿದಳು. "ಹೊಳೆ ಆಚೆ ಇವರದೇ ಇನ್ನೊಂದು ಲಾಂಡ್ರಿ ಇದೆಯಲ್ಲ, ಅಲ್ಲಿ ಬೀಗದ ಪಟ್ಟಿ ಬಂದಿದೆ. ಒಳಗೆ ಬರುವಾಗ ಹಾಕ್ತಾರೆ, ಹೊರಗೆ ಹೋಗುವಾಗ ಗೇಟಲ್ಲಿ ತೆಗೀತಾರೆ. ನಡುವೆ ಕಳಚೋ ಹಾಗೇ ಇಲ್ಲ. ಅಲ್ಲಿ ನಮ್ಮ ಅತ್ತಿಗೆ ಮಗಳು ಇದಾಳೆ. ದಿನಾ ತೊಡೆ ನಡುವೆ ಹಳೇ ಬಟ್ಟೆ ಕಟ್ಕೊಂಡು ಹೋಗ್ತಾಳೆ ಕಣೇ. ಇಪ್ಪತ್ತೆರಡು ವರ್ಷದ ಹುಡುಗಿ."

"ಅಕ್ಕ…"

"ನನಗೆ ಸಕ್ಕರೆ ಇದೆ. ನೀವು ಯಾರೂ ಕೈ ಕಾಯದಿದ್ರೆ ನಾನು ಮೇಜಿನ ಕೆಳಗೇ ಹುಯ್ಕೋಬೇಕು. ಹುಯ್ಕೊಳ್ಲಾ?"

"ರೋಲರ್ ಹತ್ರ ಕೂರೋಕೆ ಬಿಡಲ್ಲ ಅಂತಾರೆ ಅಕ್ಕ. ನನ್ನ ಎದೆ ತೋರಿಸಿ, ಅವರಿಗೆ ಏನೂ ಆಗಿಲ್ಲ ನೋಡಿ ಅಂತಾರೆ. ನಾಳೆ ಇನ್ನೊಬ್ಬ ಬಿದ್ರೂ ಇದನ್ನೇ ತೋರಿಸ್ತಾರೆ."

"ಅವರು ಏನು ಬೇಕಾದ್ರೂ ತೋರಿಸ್ತಾರೆ. ಅವರ ಹತ್ರ ಗೋಡೆ ಇದೆ, ತೋರಿಸ್ತಾರೆ. ನಮ್ಮ ಹತ್ರ ಏನಿದೆ? ಇದೊಂದಿದೆ." ದೊಡ್ಡಕ್ಕ ಒದ್ದೆ ಕೈಯಿಂದ ಗುಬ್ಬಿಯ ಮಣಿಕಟ್ಟು ಹಿಡಿದುಕೊಂಡಳು. ಹಿಡಿದ ಬೆರಳುಗಳೇ ಗುಬ್ಬಿಯ ತೋಳಿನ ಅಂಚನ್ನು ಮಡಚತೊಡಗಿದವು. ಅದನ್ನು ನೋಡಿ ದೊಡ್ಡಕ್ಕ ಕೈ ಕಿತ್ತುಕೊಂಡಳು. "ಸತ್ತೋನು ಸತ್ತ. ನಾನೇನು ಅವನನ್ನ ಮರ್ತಿದೀನಾ? ಇರೋರ ಹೊಟ್ಟೆ ಮೇಲೆ ಹೊಡೀಬೇಡ ಗುಬ್ಬಿ. ಕಾಲಿಗೆ ಬೀಳ್ತೀನಿ."

ನಿಜವಾಗಿಯೂ ಬಗ್ಗಿದಳು. ಗುಬ್ಬಿ ಹಿಂದೆ ಸರಿದಳು. ಅಷ್ಟರಲ್ಲಿ ಇಬ್ಬರ ಮಣಿಕಟ್ಟೂ ಗುಂಯ್‌ಗುಟ್ಟಿದವು. ಊಟದ ಹೊತ್ತು ಮುಗಿದಿತ್ತು.

ಮನೆಯಲ್ಲಿ ಅತ್ತೆ ಹಳೇ ಸ್ವೆಟರೊಂದನ್ನು ಬಿಚ್ಚುತ್ತಿದ್ದಳು. ಮಗನದು. ಕಣ್ಣು ಮಂಜಾದರೂ ಬೆರಳು ಎಳೆ ಹುಡುಕುತ್ತಿತ್ತು. ಗುಬ್ಬಿ ಎದುರು ಕೂತು ಎರಡೂ ಕೈ ಮುಂದೆ ಚಾಚಿದಳು. ಅತ್ತೆ ಬಿಚ್ಚಿದ ನೂಲನ್ನು ಸೊಸೆಯ ಎರಡು ಮಣಿಕಟ್ಟಿನ ನಡುವೆ ಸುತ್ತುತ್ತ ಹೋದಳು. ಸಂಜೆಯ ಬೆಳಕು ಇನ್ನೂ ಇತ್ತು. ಬಾಗಿಲಲ್ಲಿ ಪಕ್ಕದ ಮನೆಯವಳು ಇಣುಕಿದಳು. ಅತ್ತೆ ಅವಳಿಗೆ ಮತ್ತೆ ಅದೇ ಹೇಳಿದಳು:

"ಹೂ ಎತ್ತಿದಂಗೆ ಹೋದ ಕಣಮ್ಮ ನನ್ನ ಮಗ. ಡಾಕ್ಟ್ರೂ ಅದನ್ನೇ ಹೇಳಿದ್ರು. ನರಳಲಿಲ್ಲ, ಒದ್ದಾಡಲಿಲ್ಲ. ಅಷ್ಟು ಪುಣ್ಯ ಮಾಡಿದ್ದ."

ಪಕ್ಕದ ಮನೆಯವಳು ಹೋದಳು. ಗುಬ್ಬಿಯ ಕೈಗಳು ನೂಲಿನಲ್ಲಿ ಸಿಕ್ಕಿಕೊಂಡು ಸುಮ್ಮನಿದ್ದವು. ಎಷ್ಟೋ ದಿನದ ಮೇಲೆ ಅವು ಹಾಗೆ ಸುಮ್ಮನಿದ್ದದ್ದು. ಕೈ ಸುಮ್ಮನಾದ ಕೂಡಲೇ ಬಾಯಿಗೆ ಮಾತು ಬಂತು.

"ಅತ್ತೆ, ಅವರು ಹಾಗೆ ಹೋಗ್ಲಿಲ್ಲ."

ಎಲ್ಲ ಹೇಳಿದಳು. ಅತ್ತೆ ಸುತ್ತುತ್ತಲೇ ಕೇಳಿದಳು. ಆಮೇಲೆ ಸುತ್ತುವುದು ನಿಂತಿತು.

"ಎಷ್ಟು ಹೊತ್ತು?"

"ಗೊತ್ತಿಲ್ಲ. ಒಂದು ಗಾಡಿ ಖಾಲಿಯಾಗಿ ಇನ್ನೊಂದು ಬಂದಿತ್ತು."

"ಕೂಗಿದ್ನಾ?"

"ಮಷೀನ್ ಸದ್ದಲ್ಲಿ ಕೇಳ್ಸಲ್ಲ ಅತ್ತೆ."

"ಕೇಳ್ಸತ್ತಾ ಅಂತ ಕೇಳಲಿಲ್ಲ. ಕೂಗಿದ್ನಾ ಅಂತ ಕೇಳಿದೆ."

ಗುಬ್ಬಿ ನೂಲನ್ನು ನೋಡಿದಳು. "ಒಂದು ಚಾದರದ ಮೂಲೆ ಬಾಯಿಗೆ ಇಟ್ಕೊಂಡಿದ್ರು. ಹಲ್ಲಿನ ಗುರುತಿತ್ತು. ಯಾರಿಗೂ ಕೇಳಬಾರದು ಅಂತ ಕಚ್ಕೊಂಡಿರ್ಬೇಕು."

ಅತ್ತೆಯ ಮಂಜುಗಣ್ಣು ಗುಬ್ಬಿಯ ಎದೆಯ ನೇರಕ್ಕೆ ಬಂದು ನಿಂತಿತು. ಅಲ್ಲಿ ಏನೋ ಕಾಣುತ್ತದೆಂಬಂತೆ ನೋಡಿದಳು.

"ಹಾಗಾದ್ರೆ ಅವರ ಹತ್ರ ಇರೋದು ನಿಂದು."

"ಹೂಂ."

"ನನ್ನ ಮಗಂದು ಎಲ್ಲಿ?"

ಗುಬ್ಬಿ ನೂಲು ಜಾರದಂತೆ ಕೈ ಮೇಲೆತ್ತಿ ಹಿಡಿದಳು.

"ಅಷ್ಟು ಹೊತ್ತು ನರಳಿದ್ನಲ್ಲ, ಅದೆಲ್ಲಿ? ಎಲ್ಲೂ ಇಲ್ವಾ? ಯಾರ ಹತ್ರಾನೂ ಇಲ್ವಾ?" ಅತ್ತೆಯ ದನಿ ಏರಲಿಲ್ಲ. "ನಿನಗೆ ಎದ್ದು ಹೋಗಿ ಒಂದ್ಸಲ ನೋಡೋಕೆ ಆಗ್ಲಿಲ್ವೇನೇ?"

"ಎರಡೂ ಕೈ ಕಟ್ಟಿತ್ತು ಅತ್ತೆ."

ಅತ್ತೆ ಸೊಸೆಯ ಕೈಯಿಂದ ನೂಲನ್ನು ಕಿತ್ತುಕೊಂಡಳು. ಅದು ಗಂಟುಗಂಟಾಗಿ ಮಡಿಲಿಗೆ ಬಿತ್ತು. ಗೋಡೆಯ ಕಡೆ ತಿರುಗಿ ಮಲಗಿದಳು. ಊಟಕ್ಕೆ ಏಳಲಿಲ್ಲ. ಮರುದಿನವೂ ಮಾತಾಡಲಿಲ್ಲ. ಪಕ್ಕದ ಮನೆಯವಳು ಬಂದು ಸಮಾಧಾನ ಹೇಳಿದಾಗ ಹೂ ಎತ್ತಿದ ಮಾತನ್ನು ಅತ್ತೆ ಮತ್ತೆ ಆಡಲಿಲ್ಲ. ಗುಬ್ಬಿ ಅಡಿಗೆಮನೆಯಲ್ಲಿ ನಿಂತು ಅದನ್ನೇ ಕಾಯುತ್ತಿದ್ದಳು.

ಸಭೆ ನಡೆದದ್ದು ಲಾಂಡ್ರಿಯ ಗೋದಾಮಿನಲ್ಲಿ. ಮುಂದೆ ಮೆತ್ತನೆಯ ಕುರ್ಚಿಗಳಲ್ಲಿ ಮಾಲೀಕರು, ಬಟ್ಟೆ ಕಳಿಸುವ ಆಸ್ಪತ್ರೆ, ಹೋಟೆಲುಗಳ ದೊಡ್ಡವರು. ಹಿಂದೆ ಬೆಂಚುಗಳ ಮೇಲೆ ಕೆಲಸದವರು. ಸೀಟಿ ಎಲ್ಲರ ಮುಂದೆ ನಿಂತು, "ಸಭೆ ಅಂತ ಪಟ್ಟಿಗೆ ಸ್ವಲ್ಪ ಹೊತ್ತು ಬಿಡುವು ಕೊಡ್ಸಿದೀನಿ. ಯಾರೂ ಗದ್ದಲ ಮಾಡ್ಬೇಡಿ, ಕೆರೀಬೇಡಿ, ಆಕಳಿಸ್ಬೇಡಿ" ಎಂದ. ಅವನ ಕೈಯಲ್ಲೂ ಒಂದು ಪಟ್ಟಿ ಇತ್ತು, ಹೊಸದು. ಮಾಲೀಕರು ತಡವಾಗಿ ಬಂದರು. ಬಂದ ಮೇಲೆ ಬಹಳ ಹೊತ್ತು ಮಾತಾಡಿದರು. ನಾವೆಲ್ಲ ಒಂದೇ ಮನೆಯವರು ಅಂದರು.

ಆಮೇಲೆ ಆರೋಗ್ಯದ ಮೇಡಂ ಗೋಡೆಯ ಪರದೆಯ ಮೇಲೆ ಹಸಿರು ಗೆರೆಯನ್ನು ಹರಿಸಿದಳು. ಅಲ್ಲಿ ಅದು ಆಳೆತ್ತರವಿತ್ತು. ಗುಬ್ಬಿ ಜನರ ಮುಂದೆ ಬತ್ತಲೆ ನಿಂತಂತೆ ಮುದುಡಿದಳು. ಅವಳ ಭಯ, ಅವಳ ಆತುರ, ಅವಳ ಕಾಯುವಿಕೆ ಎಲ್ಲ ಅಲೆಅಲೆಯಾಗಿ ಗೋಡೆಯ ಮೇಲಿತ್ತು. ಮೇಡಂ ಅದನ್ನು ಕೋಲಿನಿಂದ ತೋರಿಸಿ, "ಎಷ್ಟು ಗಟ್ಟಿ ಹೃದಯ ನೋಡಿ" ಅನ್ನುತ್ತಿದ್ದಳು. ಆಸ್ಪತ್ರೆಯವರು ತಲೆದೂಗಿದರು. ರೋಲರಿನ ಗಂಡಸರು ನೆಲ ನೋಡಿದರು.

"ಈಗ ಅವರ ಶ್ರೀಮತಿಯವರು ಎರಡು ಮಾತಾಡ್ತಾರೆ."

ಮೈಕು ಕುಯ್ ಎಂದಿತು. ಗುಬ್ಬಿ ಅದರಿಂದ ಒಂದಿಷ್ಟು ದೂರ ಸರಿದು ನಿಂತಳು.

"ಅದು ಅವರದಲ್ಲ. ನಂದು."

ಮುಂದಿನ ಕುರ್ಚಿಗಳಿಗೆ ಅರ್ಥವಾಗಲಿಲ್ಲ. ಹಿಂದಿನ ಬೆಂಚುಗಳಿಗೆ ಅರ್ಥವಾಯಿತು.

"ಆ ಹೊತ್ತಲ್ಲಿ ಅವರ ಪಟ್ಟಿ ನನ್ನ ಕೈಯಲ್ಲಿತ್ತು. ಅವರು ಕೊಳೆ ಗಂಟಿನ ಹಿಂದೆ ಬಿದ್ದಿದ್ರು. ಅಲ್ಲಿ ಏರಿದೆಯಲ್ಲ, ಅದು ನನಗೆ ಸುದ್ದಿ ಬಂದಿದ್ದು. ಅಲ್ಲಿ ಬಿದ್ದಿದೆಯಲ್ಲ, ಅದು ನಾನು ವಾಪಸ್ ಕಟ್ಟಿದ್ದು. ಆಗ್ಲೇ ಅವರು ತಣ್ಣಗಾಗಿದ್ರು. ಅವರ ಎದೆಗೆ ಏನಾಯ್ತು ಅಂತ ನಿಮ್ಮ ಹತ್ರ ಇಲ್ಲ. ನನ್ನ ಹತ್ರಾನೂ ಇಲ್ಲ. ಬಾಯಲ್ಲಿ ಬಟ್ಟೆ ಕಚ್ಕೊಂಡು ಸತ್ರು. ಅಷ್ಟೇ ಗೊತ್ತಿರೋದು."

ಆರೋಗ್ಯದ ಮೇಡಂ ಬಂದು ಅವಳ ಭುಜ ಮುಟ್ಟಿದಳು. "ಇದು ಸಹಜ," ಎಂದು ಮುಂದಿನ ಕುರ್ಚಿಗಳಿಗೆ ಹೇಳಿದಳು. "ಆಘಾತ ಆದಾಗ ಹೀಗೆಲ್ಲ ಅನ್ಸತ್ತೆ. ಅವರ ನೋವೇ ತನ್ನದು ಅಂತ. ಬನ್ನಿ, ಕೂತ್ಕೊಳ್ಳಿ. ಉಸಿರು ಒಳಗೆ…"

"ಮೇಡಂ, ಬಿಡಿ." ಮಾಲೀಕರು ತಿರುಗಿ ಸೀಟಿಯನ್ನು ನೋಡಿದರು. ಬರೀ ನೋಡಿದರು. ಸೀಟಿಯ ಕುತ್ತಿಗೆ ಕೆಂಪಾಯಿತು.

"ಇನ್ನೂ ಯಾರ್ಯಾರೇ ಹೀಗೆ ಮಾಡ್ತಿದೀರಿ? ಪಟ್ಟಿ ಅದಲುಬದಲು ಮಾಡ್ಕೊಳ್ಳೋ ಬೇವರ್ಸಿಗಳು ಯಾರ್ಯಾರಿದೀರಿ, ಕೈ ಎತ್ರೀ!"

ಒಂದು ಕೈಯೂ ಏಳಲಿಲ್ಲ.

"ಯಾರೂ ಇಲ್ಲ," ಗುಬ್ಬಿ ಹೇಳಿದಳು. "ನಾವಿಬ್ಬರೇ. ಗಂಡ ಹೆಂಡ್ತಿ."

ದೊಡ್ಡಕ್ಕ ಮೂರನೇ ಬೆಂಚಿನ ತುದಿಯಲ್ಲಿದ್ದಳು. ಅವಳು ಗುಬ್ಬಿಯನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಬೈಗುಳ ಎಷ್ಟು, ಇನ್ನೊಂದು ಎಷ್ಟು, ಹೇಳುವಂತಿರಲಿಲ್ಲ.

ಆಗ ಸಭೆಗೆಂದು ಕೊಟ್ಟ ಬಿಡುವು ಮುಗಿಯಿತು. ಮಾಲೀಕರು ತಡವಾಗಿ ಬಂದದ್ದು ಪಟ್ಟಿಗೆ ತಿಳಿದಿರಲಿಲ್ಲ. ಮೊದಲು ಒಂದು ಬೆಂಚಿನಲ್ಲಿ, ಆಮೇಲೆ ಅದರ ಹಿಂದೆ, ಆಮೇಲೆ ಇಡೀ ಗೋದಾಮಿನಲ್ಲಿ ಗುಂಯ್ ಎಂದು ಶುರುವಾಯಿತು. ಜೇನುಗೂಡಿಗೆ ಕಲ್ಲು ಬಿದ್ದಂತೆ.

ಕೈಗಳು ಎದ್ದವು.

ಯಾರೂ ಎತ್ತಲಿಲ್ಲ, ಅವೇ ಎದ್ದವು. ಮಡಿಲಿನಲ್ಲಿದ್ದ ಬೆರಳುಗಳು ಗಾಳಿಯ ಅಂಚನ್ನು ಹಿಡಿದವು. ಅಂಚಿಗೆ ಅಂಚು ಕೂಡಿಸಿದವು, ಮೂರಾಗಿ ಮಡಚಿದವು, ಒತ್ತಿದವು, ಪಕ್ಕಕ್ಕಿಟ್ಟವು. ಮತ್ತೆ ಎಳೆದುಕೊಂಡವು. ಹೆಂಗಸರು ಗಾಳಿಯನ್ನು ಮಡಚಿದರು. ರೋಲರಿನ ಗಂಡಸರು ಇಲ್ಲದ ಚಾದರವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ತಳ್ಳಿದರು. ಮುಖಗಳು ಮಾತ್ರ ಅಲುಗದೆ ಗುಬ್ಬಿಯ ಕಡೆಗೇ ಇದ್ದವು, ಆ ಕೈಗಳು ಯಾರವೋ ಎಂಬಂತೆ. ಮುಂದಿನ ಕುರ್ಚಿಗಳವರು ತಿರುಗಿ ನೋಡಿದರು. ಇದನ್ನು ತಮಗೆ ತೋರಿಸಲೆಂದು ಕಲಿಸಿದ್ದಾರೆ ಎಂದುಕೊಂಡ ಹೋಟೆಲಿನವನೊಬ್ಬ ಚಪ್ಪಾಳೆ ತಟ್ಟಿದ. ಜೊತೆಗೆ ಯಾರೂ ತಟ್ಟದಾಗ ನಿಲ್ಲಿಸಿದ.

"ನಿಲ್ಸಿ! ಸಾಕು, ನಿಲ್ಸ್ರೋ!" ಸೀಟಿ ಕೂಗಿದ. ಕೂಗುತ್ತಿದ್ದ ಅವನ ಬಲಗೈ ಬಾಯಿಯ ಹತ್ತಿರ ಏರಿ ಇಳಿದು, ಏರಿ ಇಳಿದು, ಇಲ್ಲದ ಸೀಟಿಯನ್ನು ಹುಡುಕುತ್ತಿತ್ತು.

ಗುಬ್ಬಿಯ ಮಣಿಕಟ್ಟೂ ಗುಂಯ್‌ಗುಟ್ಟುತ್ತಿತ್ತು. ಅದು ಮೊಣಕೈಗೆ ಏರಿತು, ಭುಜಕ್ಕೆ ಏರಿತು, ದವಡೆಯೊಳಗೆ ಹೊಕ್ಕಿತು. ಬೆರಳುಗಳು ಆಡಲು ಜಗ್ಗುತ್ತಿದ್ದವು. ಅವಳು ಎರಡೂ ಕೈಯನ್ನು ಜೋತುಬಿಟ್ಟು, ಉಗುರು ಅಂಗೈಗೆ ನಾಟುವಂತೆ ಮುಷ್ಟಿ ಬಿಗಿದು ನಿಂತಳು. ಪರದೆಯ ಮೇಲೆ ಅವಳ ಗೆರೆ ಮತ್ತೆ ಮೊದಲಿನಿಂದ ಹರಿಯಲು ಶುರುವಾಗಿತ್ತು.

ಮೂರನೇ ಬೆಂಚಿನ ತುದಿಯಲ್ಲಿ ದೊಡ್ಡಕ್ಕ ತನ್ನ ಕೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ಕೂತಿದ್ದಳು. ತುಟಿ ಕಚ್ಚಿಕೊಂಡಿದ್ದಳು. ಬೆಂಚಿನಿಂದ ಸಣ್ಣಗೆ ನೀರು ಇಳಿದು ಸಿಮೆಂಟಿನ ಮೇಲೆ ಮುಂದಿನ ಕುರ್ಚಿಗಳ ಕಡೆಗೆ ಹರಿಯತೊಡಗಿತು. ಅವಳು ಏಳಲಿಲ್ಲ. ಕೈಯನ್ನೂ ಹೊರಗೆ ತೆಗೆಯಲಿಲ್ಲ.